ಒಂದು ರಿಂಗಿನ ಚಾ

ಫೋನಿನ ಐದರ ಗುಂಡಿಯ ಮೇಲೆ ಒಂದು ಉಬ್ಬು ಇರಬೇಕಿತ್ತು. ಇರಲಿಲ್ಲ. ಜೇಬಿನೊಳಗೆ ತಿಲಕನ ಹೆಬ್ಬೆರಳು ನುಣ್ಣನೆಯ ಗಾಜಿನ ಮೇಲೆ ಜಾರಿ ಎಲ್ಲೋ ಏನನ್ನೋ ಒತ್ತಿತು. ಮುಂಬಯಿಯ ಲೋಕಲ್ ರೈಲು ಜೋಗೇಶ್ವರಿ ಸ್ಟೇಷನ್ ಬಿಟ್ಟಿತ್ತು. ಕೈ ಹೊರಗೆ ತೆಗೆಯೋಣವೆಂದರೆ ಪಕ್ಕದವನ ಮೊಣಕೈ ದಾರಿ ಬಿಡಬೇಕಲ್ಲ! ಅಷ್ಟರಲ್ಲಿ ಜೇಬಿನಿಂದ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದಳು. ಸುತ್ತಲಿನವರು ನಕ್ಕರು.

ಇದು ನಿನ್ನೆಯ ಮಾತು. ಇವತ್ತು ಕಚೇರಿಯಲ್ಲಿ ಕೂತು ಅದನ್ನು ನೆನೆದಾಗಲೂ ತಿಲಕನ ಕಿವಿ ಬಿಸಿಯಾಯಿತು.

ಹದಿನೆಂಟು ವರ್ಷ ಅದೇ ಜಾಗದಲ್ಲಿ ಹಳೆಯ ಫೋನಿನ ಐದನ್ನು ತಡವಿ, ಅದರ ಮೇಲಿನ ಎರಡನ್ನು ಒತ್ತಿ ಹಿಡಿದರೆ ಸಾಕಿತ್ತು. ಗೋರೆಗಾಂವಿನ ಮನೆಯಲ್ಲಿ ಹೆಂಡತಿಯ ಫೋನಿಗೆ ಒಂದು ರಿಂಗ್. ಕೂಡಲೇ ಕಟ್. ವಸಂತಿ ಎತ್ತುತ್ತಿರಲಿಲ್ಲ, ಎದ್ದು ಚಾಕ್ಕೆ ನೀರಿಡುತ್ತಿದ್ದಳು. ಅವನು ಬೆಲ್ ಒತ್ತುವಾಗ ಚಾ ಉಕ್ಕಲು ಬಂದಿರುತ್ತಿತ್ತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಸಯನ್ನಿನ ಒಂದು ವಿಮಾ ಕಚೇರಿಯಲ್ಲಿ ಕಂಡವರ ಅರ್ಜಿಗಳನ್ನು ತಿರಸ್ಕರಿಸುತ್ತ ಕೂತ ಮನುಷ್ಯನಿಗೆ, ತನಗಾಗಿ ಯಾರೋ ಕಾಯುತ್ತಾರೆ ಅನ್ನಿಸುತ್ತಿದ್ದದ್ದು ಆ ಒಂದು ರಿಂಗಿನಲ್ಲಿ. ಗಂಡಹೆಂಡಿರ ನಡುವೆ ಬೇರೆ ಮಾತು ಅಂಥದ್ದೇನೂ ಉಳಿದಿರಲಿಲ್ಲ.

ಹೋದ ತಿಂಗಳು ಮಗಳು ಯಕ್ಷಿತಾ ಹೊಸ ಫೋನ್ ತಂದು ಕೈಗಿಟ್ಟಳು. "ಪಪ್ಪಾ, ರಿಂಗ್ ಗಿಂಗ್ ಸಬ್ ಛೋಡೋ. ನೀವು ಎಲ್ಲಿ ಇದ್ದೀರಿ, ಮಮ್ಮಿಗೆ ಫೋನ್‌ನಲ್ಲಿ ದಿಖ್ತಾ ಹೈ."

ತಿಲಕ ಹೆಂಡತಿಯ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆಯಾದ. ಚುಕ್ಕೆ ಜೋಗೇಶ್ವರಿ ದಾಟಿದರೆ ಅವಳು ನೀರಿಡುತ್ತಿದ್ದಳು. ಚಾ ಹೊತ್ತಿಗೆ ಸರಿಯಾಗಿಯೇ ಸಿಗುತ್ತಿತ್ತು. ದೂರಲು ಏನೂ ಇರಲಿಲ್ಲ. ಅದೇ ಅವನ ದೂರು.

ಸಂಜೆ ಚೀಲದಿಂದ ಹಳೆಯ ಫೋನ್ ತೆಗೆದ. ಕೈಜಾರಿ ಬಿದ್ದು ಮೂರು ಭಾಗವಾಯಿತು: ಫೋನು, ಮುಚ್ಚಳ, ಬ್ಯಾಟರಿ. ಬ್ಯಾಟರಿಯನ್ನು ಅಂಗಿಗೆ ಉಜ್ಜಿ ಮತ್ತೆ ಜೋಡಿಸಿದ. ಹೊತ್ತಿಕೊಂಡಿತು.

"ಇನ್ನೂ ಜೀವ ಐತೇನ್ರಿ ಸಾಹೇಬ್ರ ಇದಕ್ಕ?" ಎಂದ ಪ್ಯೂನ್ ದಾನಪ್ಪ. "ನಮ್ಮ ಮಾವ ಹಿಂಗ ನೋಡ್ರಿ. ಬಿದ್ರೂ ಮಂದೀನ ಬೈಕೋತ ಎದ್ದ ಕುಂದರ್ತಾನ. ಹೊಸಾದಕ್ಕ ಏನಾತ್ರಿ?"

"ಏನೂ ಆಗಿಲ್ಲ."

"ಮತ್ತ?"

"ಸುಮ್ಮನೆ."

ಹೊಸ ಫೋನಿನ ಸಿಮ್ ಹಳೆಯದಕ್ಕೆ ತೀರ ಚಿಕ್ಕದು. ದಾನಪ್ಪನೇ ಎಲ್ಲಿಂದಲೋ ಪ್ಲಾಸ್ಟಿಕ್ ಚೌಕಟ್ಟೊಂದನ್ನು ಹುಡುಕಿ ತಂದು, ಸಿಮ್ಮನ್ನು ಅದರಲ್ಲಿ ಕೂರಿಸಿಕೊಟ್ಟ. ಹೊಸ ಫೋನ್ ಮೇಜಿನ ಡ್ರಾಯರಿಗೆ ಹೋಯಿತು. ಸಿಮ್ ಇಲ್ಲದಿದ್ದರೇನು, ಕಚೇರಿಯ ವೈಫೈಯಲ್ಲಿ ಅದು ಸುಖವಾಗಿಯೇ ಇತ್ತು.

ಇವತ್ತು ರಿಂಗ್ ಕೊಟ್ಟು ನೋಡಬೇಕು. ಅವಳು ನೀರಿಟ್ಟರೆ? ಇಟ್ಟರೆ ಏನೆಂದು ತಿಲಕ ಯೋಚಿಸಲಿಲ್ಲ. ಇಡದಿದ್ದರೆ ಎಂದು ದಾದರಿನಲ್ಲಿ ಗಾಡಿ ಬದಲಿಸುವಾಗ ಒಮ್ಮೆ ಯೋಚಿಸಿ, ಛೆ, ಒಂದು ಲೋಟ ಚಾಕ್ಕೆ ಇಷ್ಟೊಂದೇ ಎಂದು ತನ್ನನ್ನೇ ಬೈದುಕೊಂಡ.

ಜೋಗೇಶ್ವರಿ ಬಿಟ್ಟಿತು. ಹೆಬ್ಬೆರಳಿಗೆ ಐದರ ಉಬ್ಬು ಸಿಕ್ಕಿತು. ಅಲ್ಲಿಂದ ಒಂದು ಮೆಟ್ಟಿಲು ಮೇಲೆ. ಒತ್ತಿ ಹಿಡಿದ. ಮನಸ್ಸಿನಲ್ಲೇ ಎಣಿಸಿ, ಮೂಲೆಯ ಕೆಂಪು ಗುಂಡಿಯಿಂದ ಕತ್ತರಿಸಿದ. ನಾಚಿಕೆಯಾಗುವಷ್ಟು ಸಂತೋಷವಾಯಿತು. ಗೋರೆಗಾಂವಿನಲ್ಲಿ ಇಳಿದು ದಡದಡ ನಡೆದವನು, ಬೇಗ ಹೋದರೆ ಲೆಕ್ಕ ತಪ್ಪೀತೆಂದು ಬಿಲ್ಡಿಂಗಿನ ಗೇಟಿನ ಬಳಿ ನಿಧಾನ ಮಾಡಿದ.

ಬೆಲ್ ಒತ್ತಿದ. ಬಾಗಿಲು ತೆರೆಯಲು ಹೊತ್ತಾಯಿತು.

"ಅಯ್ಯೋ, ನೀವಾ? ನಾನು ಕೊರಿಯರಿನವ ಅಂತ ಮಾಡಿದೆ," ಎಂದಳು ವಸಂತಿ.

ಅಡುಗೆಮನೆಯ ದೀಪ ಹಾಕಿರಲಿಲ್ಲ.

"ರಿಂಗ್ ಕೊಟ್ಟಿದ್ದೆ."

"ಬಂತು. ಜೇಬಲ್ಲಿ ಒತ್ತಿ ಹೋಗಿರ್ಬೇಕು ಅಂತ ಸುಮ್ಮನಾದೆ. ನೀವು ಸಯನ್ನಲ್ಲೇ ಇದ್ದೀರಲ್ಲ?"

"ಇಲ್ಲಿದ್ದೇನೆ."

"ನೋಡಿ ಬೇಕಾದ್ರೆ." ಸೋಫಾದಲ್ಲಿ ಕೂತು ಫೋನ್ ತೋರಿಸಿದಳು. ಸಯನ್ನಿನ ರಸ್ತೆಗಳ ನಡುವೆ ಚುಕ್ಕೆ ಅಲ್ಲಾಡದೆ ಕೂತಿತ್ತು.

"ಅದು ಆಫೀಸಲ್ಲಿ ಉಳಿಯಿತು."

"ಎಂತಕ್ಕೆ ಬಿಟ್ಟು ಬಂದದ್ದು?"

"ಮರೆತೆ."

ವಸಂತಿಗೆ ನಗು ತಡೆಯಲಿಲ್ಲ. ಚುಕ್ಕೆಯತ್ತ ಬೆರಳು ತೋರಿದಳು. "ಸರಿ ಹಾಗಾದ್ರೆ. ಇವರು ಬರ್ಲಿ, ಇಬ್ಬರಿಗೂ ಒಟ್ಟಿಗೇ ಚಾ ಮಾಡ್ತೇನೆ."

ತಮಾಷೆ ಚೆನ್ನಾಗಿತ್ತು. ಬೇರೆ ಯಾರ ಮನೆಯಲ್ಲಾದರೂ ತಿಲಕನೂ ನಗುತ್ತಿದ್ದ. ಅವನು ಬೂಟು ಬಿಚ್ಚದೆ ಹೊಸ್ತಿಲ ಒಳಗೆ ನಿಂತೇ ಇದ್ದ. ಸಿಟ್ಟಲ್ಲ, ದುಃಖ. ಅದನ್ನು ಹೇಳಲು ಹೊರಟರೆ ಚಾದ ವಿಷಯವನ್ನೇ ಹೇಳಬೇಕಾಗುತ್ತಿತ್ತು.

ಪರದೆಯ ಮೇಲೆ ಚುಕ್ಕೆ ಒಮ್ಮೆ ಮಿಸುಕಿತು.

"ಹಾಂ, ಹೊರಟ್ರು!" ವಸಂತಿ ಫೋನನ್ನು ಸೋಫಾದಲ್ಲಿಟ್ಟು, ನಗುತ್ತಲೇ ಅಡುಗೆಮನೆಗೆ ಹೋದಳು. ದೀಪ ಹತ್ತಿತು. ಪಾತ್ರೆಗೆ ನೀರು ಬೀಳುವ ಸದ್ದು ಕೇಳಿತು.

ತಿಲಕನ ಹೆಬ್ಬೆರಳು ಜೇಬಿನಲ್ಲಿ ಐದನ್ನು ಹುಡುಕಿ, ಮೇಲೆ ಹೋಗಿ, ಒತ್ತಿ ಹಿಡಿಯಿತು. ಸೋಫಾದ ಮೇಲಿನ ಫೋನ್ ರಿಂಗಾಯಿತು. ಒಂದು. ಎರಡು. ಅವನು ಕತ್ತರಿಸಲಿಲ್ಲ.

"ಯಾರು ನೋಡಿ ಸ್ವಲ್ಪ," ಒಳಗಿನಿಂದ ವಸಂತಿ ಕೂಗಿದಳು. "ನನ್ನ ಕೈ ಒದ್ದೆ."

ಅವನು ಬಗ್ಗಿ ನೋಡಿದ. ಹೆಂಡತಿ ಗಂಡನ ಹೆಸರು ಬರೆದಿರಲಿಲ್ಲ. 'ಇವರು' ಎಂದಷ್ಟೇ ಇತ್ತು. ಪಕ್ಕದಲ್ಲಿ, ಫೋಟೊ ಇರಬೇಕಾದಲ್ಲಿ, ಕಣ್ಣುಮೂಗಿಲ್ಲದ ಒಂದು ಬೂದು ತಲೆ.

"ಯಾರು?"

ರಿಂಗ್ ಆಗುತ್ತಲೇ ಇತ್ತು.