ನಿಲ್ಲದಿರಲಿ ಎಂದು ಹಾಕಿದ ಗೆರೆ

ಎಲ್ಲಿಂದ ಶುರು ಮಾಡಲಿ? ಬಾಯ್ಲರ್ ಪೂಜೆಯಿಂದ ಮಾಡಿದರೆ ಹಳ್ಳಿ ಕಥೆ ಎನ್ನುತ್ತೀರಿ, ಕಂಪ್ಯೂಟರಿನಿಂದ ಮಾಡಿದರೆ ಪುಟ ತಿರುವುತ್ತೀರಿ. ಸಿಟ್ಟಿನಿಂದಲೇ ಮಾಡುತ್ತೇನೆ. ಅದಕ್ಕೆ ಪೀಠಿಕೆ ಬೇಡ.

೧.
೧೯೯೬. ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಎಸಿ ಕೋಣೆಯಲ್ಲಿ ರಾಜಮತಿ ಕುಳಿತಿದ್ದಾಳೆ. ಕಬ್ಬು ತೂಗುವ ಹೊಸ ಕಾಟಾದ ಪ್ರೋಗ್ರಾಮನ್ನು ಬಿಡಿ ಫೈಲುಗಳಿಂದ ಜೋಡಿಸಿ ಕಟ್ಟುವ ಸ್ಕ್ರಿಪ್ಟ್ ಅವಳ ಮುಂದಿದೆ. ಯಾವುದಾದರೂ ಫೈಲಿನಲ್ಲಿ ತಪ್ಪಿದ್ದರೆ ಅದು ಅಲ್ಲಿಯೇ ನಿಲ್ಲಬೇಕು. ವಿಭಾಗದ ಮುಖ್ಯಸ್ಥ ಅಣ್ಣಾಸಾಬ ಅದರ ಒಂದು ಸಾಲಿನ ಮೊದಲಿಗೆ ಪುಟ್ಟ ಅಡ್ಡಗೆರೆ ಸೇರಿಸಿದ್ದಾನೆ. ಅರ್ಥ: ತಪ್ಪು ಬಂದರೂ ನಿಲ್ಲಬೇಡ. ಇನ್ನೊಬ್ಬರು ನೋಡಿ ಸಹಿ ಹಾಕದೆ ಬದಲಾವಣೆ ಕಾಟಾಕ್ಕೆ ಹೋಗುವಂತಿಲ್ಲ. ಆ ಇನ್ನೊಬ್ಬಳು ಇವಳು.

"ನಾಳಿ ಬಾಯ್ಲರ್ ಪೂಜಾ ಐತಿ. ಮುಹೂರ್ತಕ್ಕ ಅಧ್ಯಕ್ಷರು ಹೊಸಾ ಕಾಟಾದ ಬಟನ್ ಒತ್ತತಾರ. ಸ್ಕ್ರೀನ್ ನಡುವ ನಿಂತ್ರ ಅಪಶಕುನ. ಒಂದ ಗೆರಿ ಅದು, ಸಹಿ ಹಾಕ್ ತಂಗಿ."

"ತಪ್ಪಾದ ಫೈಲ್ ಬಿಟ್ಟು ಹ್ವಾದ ವರ್ಷದ ಹಳಿ ಕಾಟಾದ್ದು ಸೇರ್ಕೊಂತೈತ್ರಿ. ರೈತರ ಗಾಡಿ ತಪ್ಪು ತೂಗತಾವ."

"ಅದನ್ನ ಪೂಜಾ ಮುಗದ್ಮ್ಯಾಲ ನೋಡೋಣು. ನಿನ್ನ ಮಾರಿ ನೋಡಿದ್ರ ಬಾಯ್ಲರಿಗೆ ಬೆಂಕಿನ ಬ್ಯಾಡ."

೨.
(ಮೊದಲ ಕರಡಿನಲ್ಲಿ ಇಲ್ಲಿ ಅವಳು ಅತ್ತಿದ್ದಳು. ಹರಿದೆ. ಹೆಂಗಸಿಗೆ ಸಿಟ್ಟು ಬಂದಲ್ಲೆಲ್ಲ ಕಣ್ಣೀರು ಬರೆಯುವ ಚಟ ನನ್ನ ಕೈಗೂ ಅಂಟಿದೆ.)

೩.
ಮದುವೆಯಾದ ಹೊಸದರಲ್ಲಿ ಅತ್ತೆ ಚಂದ್ರಮತಿ ಹೇಳಿದ್ದರು: "ಯಾರರ ಏನರ ಅಂದ್ರ ನಿಂದರಬ್ಯಾಡ. ಮುಂದ ಹೋಗ್ತಿರು." ಬೀಗರೆದುರು ಗಂಡ ಊಟದ ತಾಟು ನೂಕಿದಾಗಲೂ ರಾಜಮತಿ ಮುಂದೆ ಹೋದಳು. ಅದನ್ನು ಎಲ್ಲರೂ ಒಳ್ಳೆಯ ಗುಣ ಎಂದರು.

(ಗೆರೆಗೂ ಅತ್ತೆಯ ಮಾತಿಗೂ ಹೋಲಿಕೆ ತೀರ ಸಲೀಸಾಯಿತೇ? ರಾಜಮತಿಯೇ ನನ್ನ ಮೇಲೆ ಹರಿಹಾಯ್ದಳು: "ನನ್ನ ಸಂಸಾರ ಇಲ್ಲ್ಯಾಕ ತಂದ್ರಿ? ಗೆರಿ ತಪ್ಪೈತಿ. ಸಿಟ್ಟಾಗಾಕ ಅಷ್ಟ ಸಾಲೂದಿಲ್ಲೇನು?"

ಸಾಲುತ್ತದೆ. ಅತ್ತೆಯ ಸಾಲುಗಳನ್ನು ಹೊಡೆದು ಹಾಕಿದ್ದೇನೆ. ನೀವೂ ಓದಿಲ್ಲವೆಂದುಕೊಳ್ಳಿ.)

ಮುಕ್ತಾಯ ಒಂದು: ಸಹಿ ಹಾಕುತ್ತಾಳೆ. ತೆಂಗಿನಕಾಯಿ ಒಡೆಯುತ್ತದೆ, ಸ್ಕ್ರೀನ್ ಓಡುತ್ತದೆ, ಚಪ್ಪಾಳೆ.
ಮುಕ್ತಾಯ ಎರಡು: ಹಾಕುವುದಿಲ್ಲ. ನಾಳೆಯಿಂದ ಗೇಟಿನಲ್ಲಿ ಚೀಟಿ ಹರಿಯುವ ಕೆಲಸ.

ಎರಡನ್ನೂ ಅವಳ ಮುಂದಿಟ್ಟೆ. ಓದಲಿಲ್ಲ. ಗೆರೆ ಅಳಿಸಿ ಸ್ಕ್ರಿಪ್ಟ್ ಓಡಿಸಿದಳು. ಮೂರನೆಯ ಫೈಲಿಗೆ ಬಂದು ಅದು ತಟ್ಟನೆ ನಿಂತಿತು.

"ನಿಂತೈತ್ರಿ," ಎಂದಳು, ಕೋಣೆಯ ಹೊರಗೂ ಕೇಳುವಂತೆ.

ಅಣ್ಣಾಸಾಬ ಕುರ್ಚಿ ಸರಿಸಿ ಎದ್ದ. ನನಗೆ ಭಯವಾಯಿತು. ಕಥೆಯನ್ನು ಹೇಗಾದರೂ ಮುಂದೆ ನೂಕಲು ಪೆನ್ನೆತ್ತಿದೆ.

"ತಪ್ಪ ಸರಿಯಾಗೂಮಟಾ ಮುಂದ ಹೋಗಬ್ಯಾಡ್ರಿ," ಎಂದಳು ರಾಜಮತಿ, ನನಗೆ.

ನಿಂತಿದ್ದೇನೆ.