ಬಾಗಿಲಲ್ಲಿ ಹಿಡಿಯದ ಟಿವಿ

ಕನಕಗಿರಿಯ ಮದುವೆಯಲ್ಲಿ ಕನಕಪ್ಪನನ್ನು ಬಡಿದು ಕೊಂದದ್ದನ್ನು ಪೆಂಡಾಲಿನ ತುಂಬ ಜನ ನೋಡಿದ್ದರು. ಪೊಲೀಸರು ಕೇಳಿದಾಗ ಯಾರೂ ನೋಡಿರಲಿಲ್ಲ. ಟ್ರ್ಯಾಕ್ಟರಿನಿಂದ ಬಿದ್ದು ತಲೆಯೊಡೆದು ಸತ್ತ ಎಂದು ಬರೆದುಕೊಂಡು ಹೋದರು.

ಕನಕಪ್ಪ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲ. ಗಿರಣಿ ದೇವೇಂದ್ರಪ್ಪನದು, ಮದುವೆ ದೇವೇಂದ್ರಪ್ಪನ ಮಗಳದು. ಹಿಂದಿನ ಸುಗ್ಗಿಯಲ್ಲಿ ಹಮಾಲರನ್ನು ಕೂಡಿಸಿ ಗಿರಣಿ ಬಂದ್ ಮಾಡಿಸಿದ್ದವನೇ ಈ ಕನಕಪ್ಪ. ಬೀಗರ ಕಡೆಯವರು ಕರೆದರೆಂದು ಮದುವೆಗೆ ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತ. ಏಳು ಎಂದರು, ಏಳಲಿಲ್ಲ. ದೇವೇಂದ್ರಪ್ಪನೇ ಪೆಂಡಾಲಿನ ಗಳ ಕಿತ್ತು ಮೊದಲ ಏಟು ಹಾಕಿದ. ಕೆಳಗೆ ಬಿದ್ದವನನ್ನು ದೇವೇಂದ್ರಪ್ಪನ ಹಿರಿಯ ಅಳಿಯ ಬೂಟುಗಾಲಿನಿಂದ ತುಳಿದ. ಬ್ಯಾಂಡಿನವರು ಬಾರಿಸುತ್ತಲೇ ಇದ್ದರು. ಮದುವೆಯ ವಿಡಿಯೋ ತೆಗೆಯಲು ಬಂದಿದ್ದ ಅಮರಪ್ಪ ಹೆಗಲ ಮೇಲೆ ಓಡುತ್ತಿದ್ದ ಕ್ಯಾಮೆರಾ ಇಳಿಸುವುದನ್ನೂ ಮರೆತು ನಿಂತಿದ್ದ.

ಎಂಬತ್ತೆಂಟರಲ್ಲಿ ಗಂಗಾವತಿಗೆ ವಿಡಿಯೋ ಹೊಸದು. ಅಮರಪ್ಪನ ಸ್ಟುಡಿಯೋದ ಒಳಕೋಣೆಯಲ್ಲಿ ಎರಡು ವಿಸಿಆರ್, ಒಂದು ಸಣ್ಣ ಟಿವಿ ಇದ್ದವು. ಒಂದರಲ್ಲಿ ಮೂಲ ಕ್ಯಾಸೆಟ್ ಓಡಿಸಿ, ಬೇಡವಾದದ್ದನ್ನು ಬಿಟ್ಟು ಉಳಿದದ್ದನ್ನು ಇನ್ನೊಂದಕ್ಕೆ ತುಂಬಿಸುತ್ತಿದ್ದ. ಮದುವೆಯಾದ ವಾರದೊಳಗೆ ದೇವೇಂದ್ರಪ್ಪ ಅಳಿಯನೊಂದಿಗೆ ಬಂದ. ಅಮರಪ್ಪ ಬಾಯಿ ತೆರೆಯುವ ಮೊದಲೇ ಅಳಿಯ ಕ್ಯಾಮೆರಾ ಸ್ಟ್ಯಾಂಡ್ ಎತ್ತಿ ಅವನ ಎಡ ಮುಂಗೈ ಮೇಲೆ ಬಾರಿಸಿದ. ಎಲುಬು ಮುರಿದದ್ದು ಕೋಣೆಯಲ್ಲಿದ್ದ ಮೂವರಿಗೂ ಕೇಳಿಸಿತು.

"ಮದುವಿ ಇರಲಿ. ಅದಷ್ಟು ಇರಬಾರದು. ನನ್ನ ಕಣ್ಣಮುಂದ ತಗೀಬೇಕು," ಎಂದ ದೇವೇಂದ್ರಪ್ಪ.

ಅಮರಪ್ಪ ಒಪ್ಪಿಕೊಂಡ. ಆದರೆ ದೇವೇಂದ್ರಪ್ಪನಿಗೆ ನಂಬಿಕೆ ಬರಲಿಲ್ಲ. ಹಳೆಯದರಲ್ಲಿ ಏನಿದೆ, ಹೊಸದರಲ್ಲಿ ಏನು ಸೇರುತ್ತಿದೆ, ಎರಡನ್ನೂ ಒಟ್ಟಿಗೆ ನೋಡಬೇಕೆಂದು ಹಟ ಹಿಡಿದ. ಇರುವುದೊಂದೇ ಟಿವಿ ಎಂದಾಗ ತನ್ನ ಮನೆಯ ದೊಡ್ಡ ಕಲರ್ ಟಿವಿಯನ್ನೇ ಜೀಪಿನಲ್ಲಿ ತರಿಸಿದ. ಮರದ ಪೆಟ್ಟಿಗೆಯ ಆ ಟಿವಿ ಒಳಕೋಣೆಯ ಬಾಗಿಲಲ್ಲಿ ಹಿಡಿಯಲಿಲ್ಲ. ಹೊರಗೇ, ಗಿರಾಕಿಗಳಿಂದ ದುಡ್ಡು ಎಣಿಸಿಕೊಳ್ಳುವ ಗಲ್ಲೆಯ ಮೇಲೆ ಇರಿಸಿದರು. ದೇವೇಂದ್ರಪ್ಪ ಒಳಗೆ ಕುಳಿತು ನಡುಗೋಡೆಯ ಕಿಟಕಿಯಿಂದ ನೋಡುವಂತೆ ಅದನ್ನು ಓರೆಯಾಗಿ ತಿರುಗಿಸಬೇಕಾಯಿತು. ಬೀದಿಯವರಿಗೂ ಅದು ಅಷ್ಟೇ ಚೆನ್ನಾಗಿ ಕಾಣುತ್ತಿತ್ತು. ಅಮರಪ್ಪ ಒಂದೇ ಕೈಯಿಂದ ವೈರನ್ನು ಕಿಟಕಿಯಲ್ಲಿ ತೂರಿಸಿ ಮೂಲ ಕ್ಯಾಸೆಟ್ಟಿನ ವಿಸಿಆರ್‌ಗೆ ಜೋಡಿಸಿದ. ನೋವಿಗೆ ಬೆವರು ಕಣ್ಣಿಗಿಳಿಯುತ್ತಿತ್ತು.

ಚಿತ್ರ ಮೂಡಿತು. ಅರಿಶಿನ, ಬಳೆ, ಬಾಸಿಂಗ. ಹಾಡುಹಗಲು ಕಲರ್ ಟಿವಿ ಹಚ್ಚಿದರೆ ಜನ ಸೇರದಿರುತ್ತಾರೆಯೇ? ಎದುರಿನ ಚಹಾದಂಗಡಿಯಲ್ಲಿದ್ದ ಹಮಾಲರು ಕಪ್ಪು ಹಿಡಿದುಕೊಂಡೇ ಬಂದರು. ಮುಂದೆ ಹಿರಿಯ ಹಮಾಲ ಅಮೀನಸಾಬ ನಿಂತಿದ್ದ.

ಹೊಸ ಕ್ಯಾಸೆಟ್ಟಿಗೆ ಸೇರುವುದನ್ನು ತೋರಿಸುತ್ತಿದ್ದ ಒಳಗಿನ ಸಣ್ಣ ಟಿವಿಯ ಮೇಲೆ ಕಣ್ಣಿಟ್ಟಿದ್ದ ದೇವೇಂದ್ರಪ್ಪನಿಗೆ ಬೀದಿ ಮೌನವಾದಾಗಲೇ ಎಚ್ಚರವಾದದ್ದು. ಕಿಟಕಿಯಾಚೆ, ದೊಡ್ಡ ಪರದೆಯಲ್ಲಿ, ಅವನೇ ಗಳ ಎತ್ತಿದ್ದ.

"ಬಂದ್ ಮಾಡಲೇ ಅದನ್ನ," ಎಂದ.

ಗುಂಡಿ ಅಮರಪ್ಪನ ಬಲಗೈಗೆ ಗೇಣು ದೂರದಲ್ಲಿತ್ತು. ಅವನು ಒತ್ತಲಿಲ್ಲ. ಅಳಿಯ ಜುಟ್ಟು ಹಿಡಿದು ತಲೆಯನ್ನು ಮೇಜಿಗೆ ಜಜ್ಜಿದ, ಆಗಲೂ ಒತ್ತಲಿಲ್ಲ. ಅಳಿಯ ಸ್ಟೂಲೆತ್ತಿ ವಿಸಿಆರ್ ಪುಡಿ ಮಾಡಿ, ಕ್ಯಾಸೆಟ್ಟಿನ ಕರುಳು ಕಿತ್ತು ಬೆಂಕಿಕಡ್ಡಿ ಗೀರಿದ. ಆ ಹೊತ್ತಿಗೆ ಹಮಾಲರು ಒಳಗೆ ಬಂದಿದ್ದರು.

"ನಮ್ಮ ಕನಕ ಟ್ರ್ಯಾಕ್ಟರಿಂದ ಬಿದ್ದಾನ ಅಂದಿದ್ದಿರಲ್ರಿ, ಧಣಿ," ಎಂದ ಅಮೀನಸಾಬ. ದನಿ ಎತ್ತರಿಸಲಿಲ್ಲ. ಚೀಲ ಎಳೆಯುವ ಕೊಕ್ಕೆಯನ್ನು ದೇವೇಂದ್ರಪ್ಪನ ಹೆಗಲಿಗೆ ಹಾಕಿ, ಚೀಲ ಎಳೆದಂತೆಯೇ ಬೀದಿಗೆ ಎಳೆದ.

ಮುಂದಿನದನ್ನು ಅಮರಪ್ಪ ನೆಲದ ಮೇಲೆ ಬಿದ್ದುಕೊಂಡೇ ನೋಡಿದ. ಕಾಲುಗಳಷ್ಟೇ ಕಾಣುತ್ತಿದ್ದವು. ಅಳಿಯ ಕಾಲುವೆಯ ಕಡೆ ಓಡಿದ. ದೇವೇಂದ್ರಪ್ಪ ಮೊದಲು ಬೈದ, ಆಮೇಲೆ ಬೇಡಿಕೊಂಡ, ಕೊನೆಗೆ ಸುಮ್ಮನಾದ. ಪೊಲೀಸ್ ಜೀಪು ಬರುವಷ್ಟರಲ್ಲಿ ಅವನ ಒಂದು ಕಣ್ಣು ಹೋಗಿತ್ತು. ಉಸಿರಿತ್ತು. ಸಮಾಧಾನವಾಗುತ್ತದೆಂದು ಅಮರಪ್ಪ ಅಂದುಕೊಂಡಿದ್ದ, ಆಗಲಿಲ್ಲ.

ಜೀಪಿನಿಂದಿಳಿದ ಫೌಜದಾರ ಕ್ಯಾಸೆಟ್ ಎಲ್ಲಿದೆ ಎಂದು ಕೇಳಿದ. ಅದು ಕರಕಲಾಗಿ ನೆಲಕ್ಕಂಟಿತ್ತು. ಹಾಗಾದರೆ ಕನಕಪ್ಪನ ವಿಷಯದಲ್ಲಿ ಸಾಕ್ಷಿ ಇಲ್ಲ, ಹಮಾಲರ ಮೇಲಷ್ಟೇ ಕೇಸು ನಿಲ್ಲುತ್ತದೆ ಎಂದ. ನೋಡಿದ್ದು ಕ್ಯಾಮೆರಾ, ತಾನಲ್ಲ ಎಂಬಂತೆಯೇ ಅಮರಪ್ಪ ಅಲ್ಲಿಯವರೆಗೂ ಇದ್ದ.

"ಕ್ಯಾಸೆಟ್ ಹೋತ್ರಿ. ನಾ ಅದೀನಲ್ರಿ," ಎಂದ. "ಮಗ್ಗಲದಾಗ ನಿಂತು ನೋಡೀನಿ. ಬರಕೊಳ್ರಿ."

ಕೇಸು ವರ್ಷಗಟ್ಟಲೆ ನಡೆಯಿತು. ನಡುವೆ ಯಾರೋ ಸ್ಟುಡಿಯೋಕ್ಕೆ ಬೆಂಕಿ ಇಟ್ಟರು. ಅಮರಪ್ಪ ಹೆಂಡತಿ ಕಳಕಮ್ಮನೊಂದಿಗೆ ಕುಷ್ಟಗಿಗೆ ಹೋಗಿ ನೆಲೆಸಿದ. ಎಡಗೈ ನೆಟ್ಟಗಾಗಲಿಲ್ಲ. ದೇವೇಂದ್ರಪ್ಪನಿಗೂ ಅಳಿಯನಿಗೂ ಜೀವಾವಧಿಯಾಯಿತು. ಅಮೀನಸಾಬನಿಗೂ ಶಿಕ್ಷೆ ತಪ್ಪಲಿಲ್ಲ.

ತೀರ್ಪಿನ ದಿನ ಕನಕಪ್ಪನ ಹೆಂಡತಿ ಹಂಪವ್ವ ಕೋರ್ಟಿನ ಬೇವಿನ ಗಿಡದ ಕೆಳಗೆ ಅಮರಪ್ಪನಿಗಾಗಿ ಕಾದಿದ್ದಳು. ಗಂಡ ಸಾಯುವವರೆಗೂ ಹುಲಿಯಂತೆ ಇದ್ದ ಎಂದು ಹಮಾಲರೆಲ್ಲ ಹೇಳುತ್ತಿದ್ದರು.

"ಕಡೀಕ ಏನರ ಅಂದ್ನೇನ್ರಿ, ಅಣ್ಣಾರ?"

ಅಮರಪ್ಪ ಇದ್ದದ್ದನ್ನೇ ಹೇಳಿದ. "'ಏಳ್ತೀನ್ರಿ, ಬಿಡ್ರಿ' ಅಂದ, ತಂಗಿ. ಅಂದಮ್ಯಾಲೂ ಬಡದ್ರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂವ ಭಾಳ ಅಂಜುಬುರುಕ ಇದ್ನ್ರಿ. ಯಾರಿಗೂ ಗೊತ್ತಿರಲಿಲ್ಲ," ಎಂದಳು. ಗಂಗಾವತಿಯ ಬಸ್ಸು ಬಂತು. ಕೈಚೀಲ ತೆಗೆದುಕೊಂಡು ಹತ್ತಿದಳು.