ಡ್ರಾಯರಿನ ಕೂದಲೆಳೆ

ಎರಡು ಉತ್ತರಪತ್ರಿಕೆಗಳಲ್ಲಿ ಮೂರನೆಯ ಉತ್ತರ ಅಕ್ಷರಕ್ಕಕ್ಷರ ಒಂದೇ ಆಗಿತ್ತು. ಒಂದು ಅವಳದು. ಇನ್ನೊಂದು ಅವಳ ಕೋಣೆಯಲ್ಲೇ ಇರುವ, ಅವಳಂತೆಯೇ ಪರದೇಶಕ್ಕೆ ಓದಲು ಬಂದ, ಬೇರೊಂದು ದೇಶದ ಹುಡುಗಿಯದು. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಪ್ರೊಫೆಸರರನ್ನು ಕಾಣಬೇಕು. ನಕಲು ಎಂದಾದರೆ ಸೀಟು ಹೋಗುತ್ತದೆ, ಅದರ ಬೆನ್ನಿಗೇ ವೀಸಾ.

ಆ ಹುಡುಗಿಗೆ ಅವಳು ಮನಸ್ಸಿನಲ್ಲೇ ಗುಮ್ಮ ಎಂದು ಹೆಸರಿಟ್ಟಿದ್ದಳು. ಎರಡು ತಿಂಗಳಲ್ಲಿ ಇಬ್ಬರೂ ಇಪ್ಪತ್ತು ಮಾತಾಡಿರಲಿಕ್ಕಿಲ್ಲ. ಅವಳು ಒಳಗೆ ಬಂದರೆ ಗುಮ್ಮ ಪುಸ್ತಕ ಮುಚ್ಚುತ್ತಿದ್ದಳು. ಅಂಥವಳನ್ನು ನಂಬುವುದು ಹೇಗೆ? ನೋಟ್ಸನ್ನು ಡ್ರಾಯರಿನಲ್ಲಿಟ್ಟು, ಸಂದಿಗೆ ತನ್ನದೊಂದು ಕೂದಲೆಳೆ ಅಂಟಿಸಿ ಹೋಗುವುದನ್ನು ಅವಳು ಮೊದಲ ವಾರದಿಂದಲೇ ರೂಢಿಸಿಕೊಂಡಿದ್ದಳು. ಕೂದಲು ಒಮ್ಮೆಯೂ ಕದಲಿರಲಿಲ್ಲ. ಸಂಶಯಕ್ಕೆ ಅದೂ ಗೊಬ್ಬರವಾಯಿತು. ಕಿಲಾಡಿ, ತೆಗೆದು ಮತ್ತೆ ಅಂಟಿಸುತ್ತಾಳೆ.

ಬೆಳಿಗ್ಗೆ ಫೋನಿನಲ್ಲಿ ಚಿಕ್ಕಮ್ಮ ಹೇಳಿದ್ದಳು: "ನೀನೇ ಮೊದ್ಲು ಬಾಯಿಬಿಡು. ಕದ್ದಿದ್ದು ಅವಳು ಅಂದುಬಿಡು. ಮೂಗಿ ಥರ ಕೂತ್ರೆ ನಿನ್ನ ತಲೆಗೇ ಕಟ್ತಾರೆ."

ಪ್ರೊಫೆಸರ್ ಎರಡೂ ಪತ್ರಿಕೆಗಳನ್ನು ಮುಂದಿಟ್ಟು, ಯಾರು ಯಾರದನ್ನು ನೋಡಿದಿರಿ ಎಂದು ಕೇಳಿದರು. ಚಿಕ್ಕಮ್ಮನ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಗುಮ್ಮ ಎದ್ದು ನಿಂತಳು. ಕೈಕಟ್ಟಿಕೊಂಡು, ಗೋಡೆಯನ್ನೇ ನೋಡುತ್ತ, ಉತ್ತರವನ್ನು ಒಪ್ಪಿಸತೊಡಗಿದಳು.

ಎರಡನೆಯ ವಾಕ್ಯಕ್ಕೆ, ಕೂತು ಕೇಳುತ್ತಿದ್ದ ಅವಳ ತುಟಿಗಳೂ ತಾವಾಗಿಯೇ ಅಲುಗಿದವು. ನಾಲ್ಕನೆಯದಕ್ಕೆ ಅವಳೂ ಎದ್ದು ನಿಂತಿದ್ದಳು. ಊರಿನ ಕಾಲೇಜಿನಲ್ಲಿ ಪಠ್ಯಪುಸ್ತಕದ ಒಂದು ಪದ ತಪ್ಪಿದರೂ ಮೇಷ್ಟ್ರು ಅಂಕ ಕತ್ತರಿಸುತ್ತಿದ್ದರು. ಆ ಹಳೇ ಪುಸ್ತಕವೇ ಗುಮ್ಮನ ದೇಶದಲ್ಲೂ, ಅಂಥ ಮೇಷ್ಟ್ರೇ ಅಲ್ಲೂ. 'ಉದಾಹರಣೆಗೆ' ಎಂಬಲ್ಲಿ ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಂಡರು.

ಪ್ರೊಫೆಸರ್ ಕನ್ನಡಕ ತೆಗೆದರು. "ಪುಸ್ತಕ ಹೇಳಿದ್ದು ಗೊತ್ತಾಯ್ತು. ನೀವೇನು ಹೇಳ್ತೀರಿ?"

ಹಾಗೆಂದು ಅವರಿಬ್ಬರನ್ನೂ ಈವರೆಗೆ ಯಾರೂ ಕೇಳಿರಲಿಲ್ಲ. ಸೋಮವಾರದೊಳಗೆ ಸ್ವಂತ ಮಾತಿನಲ್ಲಿ ಬರೆದು ತನ್ನಿ, ಸೀಟಿನ ವಿಚಾರ ಆಮೇಲೆ ಎಂದು ಕಳಿಸಿದರು.

ಕೋಣೆಗೆ ಬಂದ ಗುಮ್ಮ ಪೆನ್ನಿಗಾಗಿ ತನ್ನ ಡ್ರಾಯರಿಗೆ ಕೈಹಾಕಿದಳು. ತೆರೆಯುವ ಮುಂಚೆ ಸಂದಿಯಿಂದ ಏನನ್ನೋ ಮೆಲ್ಲಗೆ ಕಿತ್ತಳು. ತನ್ನದೇ ಒಂದು ಗುಂಗುರು ಕೂದಲೆಳೆ.

"ಅನುಮಾನ ನನ್ಮೇಲಾ?" ಎಂದಳು ಅವಳು.

"ಮತ್ತಿನ್ಯಾರ ಮೇಲೆ? ಇಲ್ಲಿ ಇನ್ನೊಬ್ಬರಿದ್ದಾರಾ?"

ಅವಳಿಗೆ ನಗು ಬಂತು. ಗುಮ್ಮ ನಗಲಿಲ್ಲ, ಆದರೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಇಬ್ಬರೂ ಎದುರುಬದುರು ಕೂತು ಖಾಲಿ ಹಾಳೆ ನೋಡಿದರು. ಬಹಳ ಹೊತ್ತಿನ ಮೇಲೆ ಅವಳಿಗೆ ಮೊದಲ ಸಾಲು ಹೊಳೆಯಿತು.

ಬರೆಯುವ ಮುಂಚೆ ಎಡಗೈಯನ್ನು ಹಾಳೆಗೆ ಅಡ್ಡ ಇಟ್ಟುಕೊಂಡಳು.